ಹೊಕ್ಕುಳ ಸುತ್ತಲಿನ ಹದಿನಾಲ್ಕು ಚುಚ್ಚುಮದ್ದು

ಹುಚ್ಚುನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದು ಎಂಬ ಮಾತನ್ನು ಕೇಳದ ತುಮಕೂರಿನವರು ನನ್ನ ತಲೆಮಾರಿನಲ್ಲಿ ಇರಲಾರರು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೂ ಅನೇಕರಿಗೆ ಅದು ನೆನಪಿರಬಹುದು. ಆ ಮದ್ದು ಈಗಿಲ್ಲ. ಆದರೆ ಅದರ ಚರಿತ್ರೆಯಲ್ಲಿ ತೀರದ ಋಣವೊಂದು ಉಳಿದಿದೆ.

ನಾಯಿ ಕಚ್ಚಿದ ಬಾಲಕನೊಬ್ಬನಿಗೆ ಲೂಯಿ ಪಾಶ್ಚರ್ ಮೊದಲ ಬಾರಿಗೆ ಲಸಿಕೆ ಕೊಟ್ಟದ್ದು 1885ರಲ್ಲಿ. ನಮ್ಮ ದೇಶದಲ್ಲಿ 1900ರಲ್ಲಿ ಕಸೌಲಿಯಲ್ಲಿಯೂ, 1907ರಲ್ಲಿ ದಕ್ಷಿಣದವರಿಗಾಗಿ ಕೂನೂರಿನಲ್ಲಿಯೂ ಪಾಶ್ಚರ್ ಸಂಸ್ಥೆಗಳು ಆರಂಭವಾದವು. 1911ರಲ್ಲಿ ಕಸೌಲಿಯಲ್ಲಿದ್ದ ಡೇವಿಡ್ ಸೆಂಪಲ್ ಸುಲಭವಾದ ವಿಧಾನವೊಂದನ್ನು ರೂಪಿಸಿದರು. ರೋಗಾಣುವನ್ನು ಕುರಿಯ ಮಿದುಳಿನಲ್ಲಿ ಬೆಳೆಸಿ, ಆ ಮಿದುಳನ್ನು ಅರೆದು, ಕಾರ್ಬಾಲಿಕ್ ಆಮ್ಲದಿಂದ ರೋಗಾಣುವನ್ನು ಕೊಲ್ಲುವುದೇ ಆ ವಿಧಾನ. ಅಗ್ಗವಾಗಿದ್ದ ಈ ಲಸಿಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತವಾಗಿ ದೊರೆಯುತ್ತಿತ್ತು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಆದುದರಿಂದ ಈ ಲಸಿಕೆಯಿಂದ ಜೀವ ಉಳಿಸಿಕೊಂಡವರು ಅಸಂಖ್ಯಾತರು ಎಂಬುದನ್ನು ಮೊದಲು ಹೇಳಲೇಬೇಕು.

ದೋಷವಿದ್ದದ್ದು ಆ ಮಿದುಳಿನ ಅಂಶದಲ್ಲಿಯೇ. ನರತಂತುಗಳ ಮೇಲಿನ ಹೊದಿಕೆಯ ಅಂಶವು ಲಸಿಕೆಯೊಡನೆ ದೇಹವನ್ನು ಸೇರುತ್ತಿತ್ತು. ಅದನ್ನು ಎದುರಿಸಹೊರಟ ದೇಹವು ಕೆಲವರಲ್ಲಿ ತನ್ನ ನರಗಳ ಮೇಲೆಯೇ ದಾಳಿ ಮಾಡುತ್ತಿತ್ತು. ಕಾಲುಗಳು ಬಲಗುಂದುವುದು, ಪಾರ್ಶ್ವವಾಯು, ಮಿದುಳಿನ ಉರಿಯೂತ, ಕೆಲವೊಮ್ಮೆ ಮರಣ ಇದರ ಫಲ. ಕೆಲವು ವರದಿಗಳು ಕೆಲವು ನೂರು ಜನರಿಗೆ ಒಬ್ಬರೆಂದರೆ, ಮತ್ತೆ ಕೆಲವು ಹಲವು ಸಾವಿರಕ್ಕೆ ಒಬ್ಬರೆಂದವು. ಇದು ಗುಟ್ಟಾಗಿಯೇನೂ ಇರಲಿಲ್ಲ. ಕುರಿಯ ಮಿದುಳಿನ ಲಸಿಕೆಯಿಂದ ನರರೋಗಕ್ಕೆ ತುತ್ತಾದವರ ವಿವರಗಳನ್ನು ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು 1980ರ ದಶಕದಲ್ಲಿಯೇ ಪ್ರಕಟಿಸಿದ್ದರು.

ಅಷ್ಟು ಹೊತ್ತಿಗೆ ಮಿದುಳಿನ ಅಂಶವಿಲ್ಲದ, ಜೀವಕೋಶಗಳಲ್ಲಿ ಬೆಳೆಸಿದ ಲಸಿಕೆ ಬಂದಿತ್ತು. ಅದನ್ನು ಹೊಟ್ಟೆಗಲ್ಲ, ತೋಳಿಗೆ ಕೊಡಬಹುದಾಗಿತ್ತು. ಆದರೆ ಅದು ದುಬಾರಿ. ಹಣವುಳ್ಳವರು ಅಂಗಡಿಯಿಂದ ಅದನ್ನು ಕೊಂಡು ತಂದರು. ಗುಬ್ಬಿ, ಕುಣಿಗಲ್ ಕಡೆಯ ಕೂಲಿಕಾರನ ಪಾಲಿಗೆ ಉಳಿದದ್ದು ಹೊಟ್ಟೆಯ ಚುಚ್ಚುಮದ್ದೇ. ಭಾರತದಲ್ಲಿ ಹಳೆಯ ಲಸಿಕೆಯ ತಯಾರಿಕೆ ನಿಂತದ್ದು 2004ರ ಡಿಸೆಂಬರಿನಲ್ಲಿ. ಅಪಾಯವನ್ನು ಅರಿತ ಮೇಲೂ ಕಳೆದ ಆ ವರ್ಷಗಳ ಭಾರವನ್ನು ಹೊತ್ತವರು ಬಡವರು.

ಹೀಗೆ ಕೈಕಾಲು ಕಳೆದುಕೊಂಡವನ ಗತಿಯೇನು? ಅವನಿಗೆ ಪರಿಹಾರ ಕೊಡಲೆಂದೇ ಒಂದು ನಿಧಿಯಾಗಲಿ, ಕಾನೂನಾಗಲಿ ಆಗ ನಮ್ಮಲ್ಲಿರಲಿಲ್ಲ. ನ್ಯಾಯಾಲಯಕ್ಕೆ ಹೋದರೆ ಯಾರ ತಪ್ಪೆಂದು ಸಾಧಿಸಬೇಕು. ವೈದ್ಯರು ನಿಯಮದಂತೆಯೇ ಚುಚ್ಚಿದ್ದರು, ಸಂಸ್ಥೆ ಒಪ್ಪಿತ ವಿಧಾನದಂತೆಯೇ ತಯಾರಿಸಿತ್ತು. ಯಾರೂ ತಪ್ಪು ಮಾಡದೆಯೂ ಒಬ್ಬನ ಬಾಳು ಮುರಿದಿತ್ತು.

ಈ ತೊಡಕನ್ನು ಅನ್ಯದೇಶಗಳು ಬಿಡಿಸಿಕೊಂಡ ಬಗೆ ಗಮನಾರ್ಹ. ಪಶ್ಚಿಮ ಜರ್ಮನಿ 1961ರಲ್ಲಿ, ಬ್ರಿಟನ್ 1979ರಲ್ಲಿ ಲಸಿಕೆಯಿಂದ ಹಾನಿಗೊಳಗಾದವರಿಗೆ ಹಣ ಕೊಡುವ ಕಾನೂನು ಮಾಡಿದವು. ಅಮೆರಿಕ 1986ರಲ್ಲಿ ಕಾನೂನು ಮಾಡಿ, ಪ್ರತಿ ಲಸಿಕೆಯ ಮೇಲೆ ಅಲ್ಪ ತೆರಿಗೆ ಹಾಕಿ ನಿಧಿ ಕೂಡಿಸಿತು. ತಪ್ಪು ಯಾರದೆಂದು ಸಾಧಿಸಬೇಕಾಗಿಲ್ಲ. ಊರಿನ ಹಿತಕ್ಕಾಗಿ ಕೊಟ್ಟ ಮದ್ದಿನಿಂದ ಒಬ್ಬನಿಗೆ ನೋವಾದರೆ ಊರೇ ಅದನ್ನು ಹಂಚಿಕೊಳ್ಳಬೇಕೆಂಬುದು ಇವುಗಳ ತಿರುಳು.

ಕೋವಿಡ್ ಕಾಲದಲ್ಲಿ ಇದೇ ಪ್ರಶ್ನೆ ನಮ್ಮ ಮುಂದೆ ಮತ್ತೆ ನಿಂತಿತು. ಲಸಿಕೆ ಹಾಕಿಸಿಕೊಳ್ಳುವಂತೆ ಯಾರನ್ನೂ ಬಲವಂತಪಡಿಸಲಾಗದು, ಅಡ್ಡಪರಿಣಾಮಗಳ ವಿವರಗಳು ಸಾರ್ವಜನಿಕರಿಗೆ ದೊರೆಯಬೇಕು ಎಂದು 2022ರ ಮೇ 2ರಂದು ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷ ಪರಿಹಾರದ ಮಾರ್ಗಸೂಚಿ ರಚಿಸುವಂತೆ ಕೇರಳ ಹೈಕೋರ್ಟ್ ಸೂಚಿಸಿತು. ಲಸಿಕೆಯಿಂದಾದ ಸಾವಿಗೆ ತಾನು ಹೊಣೆಯಲ್ಲ, ನೊಂದವರು ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದು ಎಂದು ಕೇಂದ್ರ ಸರ್ಕಾರವು ನವೆಂಬರಿನಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತು. ಕೂಲಿಕಾರನಿಗೆ ಸಿವಿಲ್ ನ್ಯಾಯಾಲಯದ ಮೆಟ್ಟಿಲು ಎಷ್ಟು ಎತ್ತರವೆಂಬುದನ್ನು ವಿವರಿಸಬೇಕಾಗಿಲ್ಲ.

ಪರಿಹಾರದ ಮಾತೆತ್ತಿದರೆ ಜನರು ಲಸಿಕೆಗೆ ಹೆದರುತ್ತಾರೆ ಎನ್ನುವವರಿದ್ದಾರೆ. ನಮ್ಮ ಅನುಭವ ಬೇರೆ. ಹೊಟ್ಟೆಯ ಚುಚ್ಚುಮದ್ದಿಗೆ ಹೆದರಿ ನಾಟಿ ಮದ್ದಿನವರನ್ನು ಹುಡುಕಿಕೊಂಡು ಹೋದವರಿದ್ದರು. ಹಾನಿಯನ್ನು ಬಾಯಿಬಿಟ್ಟು ಹೇಳದಿದ್ದಲ್ಲಿ ಗಾಳಿಮಾತು ಬೆಳೆಯುತ್ತದೆ. ಕೈಹಿಡಿಯುವವರಿದ್ದಾರೆಂದು ತಿಳಿದವನು ಧೈರ್ಯವಾಗಿ ತೋಳೊಡ್ಡುತ್ತಾನೆ.

ಕೊನೆಯದಾಗಿ ಮೇಷ್ಟರ ಮಾತೊಂದು. ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ, ತಡಮಾಡದೆ ಆಸ್ಪತ್ರೆಗೆ ಹೋಗಿರಿ. ಈಗಿನ ಲಸಿಕೆಯಲ್ಲಿ ಕುರಿಯ ಮಿದುಳಿಲ್ಲ. ಹಳೆಯ ಹೆದರಿಕೆಯನ್ನು ಮಕ್ಕಳಿಗೆ ದಾಟಿಸಬೇಡಿರಿ. ಆದರೆ ಹಳೆಯ ಲಸಿಕೆಯಿಂದ ನೊಂದವರನ್ನು ಮರೆಯಲೂ ಬೇಡಿರಿ.