ಬಿಲದ ಬಾಯಿ ಓದುವವರು

ಚೆನ್ನೈನ ಉತ್ತರದಂಚಿನ ಮಾಧವರಂ ದಾಟಿ ಆಂಧ್ರದ ಕಡೆಯ ಹೆದ್ದಾರಿ ಹಿಡಿದರೆ ಸ್ವಲ್ಪ ಹೊತ್ತಿಗೆ ರೆಡ್‌ಹಿಲ್ಸ್ ಸಿಗುತ್ತದೆ. ಅದು ಅಕ್ಕಿ ಗಿರಣಿಗಳ ಊರು. ಮುಂಗಡ ಹಣದ ಸಾಲಕ್ಕೆ ಸಿಕ್ಕಿ, ಈ ಭಾಗದ ಗಿರಣಿಗಳಲ್ಲಿ ಭತ್ತ ಬೇಯಿಸುತ್ತ, ಒಣಹಾಕುತ್ತ ಜೀತಕ್ಕಿದ್ದ ಇರುಳರ ಕುಟುಂಬಗಳನ್ನು ಅಧಿಕಾರಿಗಳು ಹಲವು ಸಲ ಬಿಡಿಸಿದ್ದಾರೆ. ಜೀತವನ್ನು ರದ್ದು ಮಾಡಿದ ಕಾನೂನು ಬಂದದ್ದು 1976ರಲ್ಲಿ. ಬಿಡುಗಡೆಗಳು ಈ ಶತಮಾನದಲ್ಲೂ ನಡೆದವು.

ಇರುಳು ಎಂಬ ಪದಕ್ಕೂ ಈ ಬುಡಕಟ್ಟಿನ ಹೆಸರಿಗೂ ನಂಟು ಹೇಳುವುದುಂಟು. ನಮ್ಮ ರಾಮನಗರ, ಮಾಗಡಿ ಕಡೆಯ ಇರುಳಿಗರ ಹೆಸರಿನಲ್ಲೂ ಅದೇ ಪದವಿದೆ.

ಬಯಲುಸೀಮೆಯ ಇರುಳರಿಗೆ ಭತ್ತ ಸಿಗುತ್ತಿದ್ದ ಹಳೆಯ ದಾರಿ ಬೇರೆಯೇ ಇತ್ತು. ಕೊಯ್ಲಾದ ಗದ್ದೆಯಲ್ಲಿ ಬಿಲ ಅಗೆದು ಇಲಿ ಹಿಡಿಯುತ್ತಿದ್ದರು. ಇಲಿ ಕೂಡಿಟ್ಟ ತೆನೆಯೂ ಅವರದೇ. ರೈತನಿಗೆ ಇಲಿಕಾಟ ತಪ್ಪುತ್ತಿತ್ತು, ಇವರಿಗೆ ಊಟವಾಗುತ್ತಿತ್ತು. ಬಿಲದ ಬಾಯಿಯ ಮಣ್ಣು, ಹರಿದ ಗುರುತು, ಪೊರೆಯ ಚೂರು ನೋಡಿ ಒಳಗಿರುವುದು ಇಲಿಯೋ ಹಾವೋ, ಹಾವಾದರೆ ಯಾವ ಹಾವು ಎಂದು ಹೇಳಬಲ್ಲವರು ಅವರು. ಹೆಂಗಸರೂ ಈ ವಿದ್ಯೆಯಲ್ಲಿ ಹಿಂದಿಲ್ಲ.

ಹಾವಿನ ಚರ್ಮಕ್ಕೆ ಹೊರದೇಶಗಳಲ್ಲಿ ಬೇಡಿಕೆ ಬಂದಾಗ ಈ ವಿದ್ಯೆ ವ್ಯಾಪಾರಿಗಳ ಕೈಗೆ ಸಿಕ್ಕಿತು. ಚೀಲ, ಬೂಟುಗಳಿಗಾಗಿ ಲೆಕ್ಕವಿಲ್ಲದಷ್ಟು ಹಾವುಗಳು ಸತ್ತವು, ಇರುಳರ ಪಾಲಿಗೆ ಬಂದದ್ದು ಪುಡಿಗಾಸು. 1972ರ ವನ್ಯಜೀವಿ ಕಾಯ್ದೆ ಮತ್ತು ಅದರ ಬೆನ್ನಿಗೆ ಬಂದ ರಫ್ತು ನಿಷೇಧ ಹಾವುಗಳನ್ನು ಉಳಿಸಿದವು. ಆದರೆ ಇರುಳರ ಕಸುಬು ಅಪರಾಧವಾಯಿತು.

ದಾರಿ ತೆರೆದದ್ದು 1978ರಲ್ಲಿ. ಉರಗತಜ್ಞ ರೊಮ್ಯುಲಸ್ ವಿಟೇಕರ್ ಜೊತೆಗೂಡಿ ಇರುಳರು ಹಾವು ಹಿಡಿಯುವವರ ಸಹಕಾರ ಸಂಘ ಕಟ್ಟಿದರು. ಅದು ಈಗಲೂ ಚೆನ್ನೈನ ದಕ್ಷಿಣಕ್ಕೆ, ಮಾಮಲ್ಲಪುರದ ದಾರಿಯ ವಡನೆಮ್ಮೇಲಿಯಲ್ಲಿದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಹಾವುಗಳನ್ನು ಹಿಡಿದು, ಕೆಲವು ವಾರ ಮಡಕೆಗಳಲ್ಲಿಟ್ಟು ವಿಷ ತೆಗೆಯುತ್ತಾರೆ. ಹೊಟ್ಟೆಯ ಹುರುಪೆಗೆ ಗುರುತು ಮಾಡಿ ಮತ್ತೆ ಕಾಡಿಗೆ ಬಿಡುತ್ತಾರೆ. ಔಷಧ ಕಂಪನಿಗಳು ಆ ವಿಷವನ್ನು ಕುದುರೆಗಳಿಗೆ ಸ್ವಲ್ಪಸ್ವಲ್ಪವೇ ಚುಚ್ಚಿ, ಅವುಗಳ ರಕ್ತದಿಂದ ವಿಷನಿರೋಧಕ ತಯಾರಿಸುತ್ತವೆ. ದೇಶದಲ್ಲಿ ಇದಕ್ಕೆ ಬಳಸುವ ವಿಷದ ಬಹುಪಾಲು ಬಂದದ್ದು ಈ ಸಂಘದಿಂದ. ಕರ್ನಾಟಕದ ಹೊಲದಲ್ಲಿ ಹಾವು ಕಚ್ಚಿಸಿಕೊಂಡು ಬದುಕಿದ ಎಷ್ಟೋ ಮಂದಿ ಇರುಳರ ಹೆಸರನ್ನೇ ಕೇಳಿರಲಾರರು.

ಸಂಘದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡಯ್ಯನ್ 2017ರಲ್ಲಿ ಅಮೆರಿಕದ ಫ್ಲಾರಿಡಾಕ್ಕೆ ಹೋಗಿ, ಅಲ್ಲಿನ ಜೌಗುನಾಡನ್ನು ಕಾಡುತ್ತಿದ್ದ ಹೆಬ್ಬಾವುಗಳನ್ನು ಪತ್ತೆಹಚ್ಚಿ ಹಿಡಿದುಕೊಟ್ಟರು. 2023ರಲ್ಲಿ ಇಬ್ಬರಿಗೂ ಪದ್ಮಶ್ರೀ ಬಂತು.

ಆದರೆ 2011ರ ಜನಗಣತಿಯ ಪ್ರಕಾರ ತಮಿಳುನಾಡಿನಲ್ಲಿ ಇರುಳರು 1.8 ಲಕ್ಷಕ್ಕೂ ಹೆಚ್ಚು. ಸಂಘದ ಸದಸ್ಯರು ಕೆಲವು ನೂರು ಮಾತ್ರ. ಅವರೂ ಅರಣ್ಯ ಇಲಾಖೆ ಅನುಮತಿಸಿದಷ್ಟೇ ಹಾವು ಹಿಡಿಯಬೇಕು. ಉಳಿದವರಲ್ಲಿ ಬಹಳಷ್ಟು ಜನ ಕೂಲಿಗೆ, ಇಟ್ಟಿಗೆ ಗೂಡಿಗೆ, ಗಿರಣಿಗೆ ಹೋಗುತ್ತಾರೆ.

ವರ್ಷಕ್ಕೊಮ್ಮೆ, ಮಾಸಿ ತಿಂಗಳ ಹುಣ್ಣಿಮೆಗೆ, ಎಲ್ಲ ಕಡೆಯಿಂದ ಮಾಮಲ್ಲಪುರದ ಕಡಲ ದಂಡೆಗೆ ಬರುತ್ತಾರೆ. ಮರಳಿನಲ್ಲಿ ಮೆಟ್ಟಿಲು ಕಟ್ಟಿ ಕನ್ನಿಯಮ್ಮನನ್ನು ಪೂಜಿಸುತ್ತಾರೆ, ನೆಂಟಸ್ತಿಕೆ ಮಾತಾಡುತ್ತಾರೆ, ಮದುವೆ ಮಾಡುತ್ತಾರೆ. ಆ ರಾತ್ರಿ ಅಲ್ಲಿ ಅವರ ಮೇಲೆ ಯಾವ ಧಣಿಯೂ ಇರುವುದಿಲ್ಲ.