ಅವಧಿಗೆ ಮುನ್ನ ಬ್ರಾಡ್‌ಬ್ಯಾಂಡ್ ಬಿಟ್ಟರೆ ದಂಡವೆಷ್ಟು?

ಇಂಡಿಯ ನೌಕರನಿಗೆ ಮುದ್ದೇಬಿಹಾಳಕ್ಕೆ ವರ್ಗವಾದಾಗ, ಸಿಂದಗಿಯ ಬಾಡಿಗೆದಾರ ಬಸವನ ಬಾಗೇವಾಡಿಗೆ ಮನೆ ಬದಲಿಸಿದಾಗ ಏಳುವ ಪ್ರಶ್ನೆ: ವರ್ಷದ ಬ್ರಾಡ್‌ಬ್ಯಾಂಡ್ ಕರಾರಿನ ಗತಿಯೇನು? ‘ಉಚಿತ’ವಾಗಿ ಕೊಟ್ಟ ರೂಟರ್, ಜೋಡಣೆಗಳ ವೆಚ್ಚವನ್ನು ಕಂಪನಿಗಳು ಮಾಸಿಕ ಶುಲ್ಕದಲ್ಲಿಯೇ ವಸೂಲು ಮಾಡಿಕೊಳ್ಳುವುದರಿಂದ, ನಡುವೆ ಬಿಟ್ಟವರಿಗೆ ರದ್ದತಿ ಶುಲ್ಕ ವಿಧಿಸುವುದುಂಟು, ಕಟ್ಟಿದ ಮುಂಗಡವನ್ನು ಮರಳಿಸದಿರುವುದೂ ಉಂಟು.

ಆದರೆ ಕರಾರಿನಲ್ಲಿ ಬರೆದಷ್ಟನ್ನೂ ತೆರಲೇಬೇಕೆಂದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ನಮೂದಿತ ಮೊತ್ತ ಗರಿಷ್ಠ ಮಿತಿ ಮಾತ್ರ. ಸಲ್ಲಬೇಕಾದುದು ಅದರೊಳಗಿನ ನ್ಯಾಯೋಚಿತ ಪರಿಹಾರ. ನಷ್ಟಕ್ಕೆ ತೀರಾ ಮೀರಿದ ದಂಡವನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ‘ಅನ್ಯಾಯದ ಕರಾರಿ’ನ ಸಾಲಿಗೆ ಸೇರಿಸಿದೆ. ಅಂಥ ದೂರು ಜಿಲ್ಲಾ ಆಯೋಗಕ್ಕಲ್ಲ, ರಾಜ್ಯ ಆಯೋಗಕ್ಕೆ ಹೋಗಬೇಕು. ತಾಲ್ಲೂಕಿನ ಗ್ರಾಹಕನಿಗೆ ಇದು ತೊಡಕೇ ಸರಿ. ಠೇವಣಿ ಮರಳಿಸದಂಥ ಸೇವಾ ನ್ಯೂನತೆಯ ದೂರನ್ನಾದರೆ ವಿಜಯಪುರದ ಜಿಲ್ಲಾ ಆಯೋಗಕ್ಕೇ ಸಲ್ಲಿಸಬಹುದು. ಟೆಲಿಕಾಂ ದೂರುಗಳೂ ಗ್ರಾಹಕ ಆಯೋಗಗಳ ವ್ಯಾಪ್ತಿಗೆ ಬರುತ್ತವೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿದೆ.

ಅದಕ್ಕೆ ಮೊದಲು ಕಂಪನಿಯ ದೂರು ಕೇಂದ್ರದಿಂದ ದೂರು ಸಂಖ್ಯೆ ಪಡೆಯಬೇಕು. ಪರಿಹಾರ ಸಿಗದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರವಿದೆ. ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ರೂಟರ್ ಒಪ್ಪಿಸಿದ್ದಕ್ಕೆ ರಸೀದಿ ಪಡೆದಿರಬೇಕು; ಇಲ್ಲವಾದರೆ ಅದರ ಬೆಲೆಯೂ ಬಾಕಿಗೆ ಸೇರಬಹುದು.