ವಿದ್ಯಾರ್ಥಿಯ ಕಿರುಚಿತ್ರವನ್ನು ಅಳೆಯುವುದು ಹೇಗೆ?
‘ಅವಶೇಷ’ದಿಂದ ‘ಸೂರ್ಯಕಾಂತಿ’ಯವರೆಗೆ ಒಂದು ಚರಿತ್ರೆ



ನಮ್ಮ ಮಕ್ಕಳ ಕೈಗೆ ಈಗ ಕ್ಯಾಮರಾ ಬಂದಿದೆ. ಹಿಂದೆ ಕಥೆ, ಕವನ ಬರೆದು ವಾರ್ಷಿಕ ಸಂಚಿಕೆಗೆ ಕಳುಹಿಸುತ್ತಿದ್ದ ವಯಸ್ಸಿನವರು ಇಂದು ಮೊಬೈಲಿನಲ್ಲೇ ಕಿರುಚಿತ್ರ ತೆಗೆಯುತ್ತಾರೆ. ಅಂಥದ್ದೊಂದನ್ನು ಮಗನೋ ಮಗಳೋ ತಂದು ತೋರಿಸಿದಾಗ ನಾವು ಹಿರಿಯರು ಆಡುವುದು ಎರಡೇ ಮಾತು. ಒಂದೋ “ಚೆನ್ನಾಗಿದೆ” ಎನ್ನುತ್ತೇವೆ, ಇಲ್ಲವೇ “ಓದುವುದು ಬಿಟ್ಟು ಇದೆಲ್ಲ ಯಾಕೆ?” ಎನ್ನುತ್ತೇವೆ. ಎರಡರಿಂದಲೂ ಮಗುವಿಗೆ ಕಲಿಯಲು ಏನೂ ಸಿಗುವುದಿಲ್ಲ. ಪ್ರಬಂಧವನ್ನು ತಿದ್ದುವಂತೆ ಕಿರುಚಿತ್ರವನ್ನೂ ತಿದ್ದಲು ಸಾಧ್ಯವೇ? ಅದರ ಗುಣದೋಷಗಳನ್ನು ಅಳೆಯುವ ಮಾನದಂಡ ಯಾವುದು? ಕನ್ನಡದ ಇಬ್ಬರು ವಿದ್ಯಾರ್ಥಿಗಳು ಸುಮಾರು ಐವತ್ತು ವರ್ಷಗಳ ಅಂತರದಲ್ಲಿ ಮಾಡಿದ ಎರಡು ಕಿರುಚಿತ್ರಗಳ ಚರಿತ್ರೆಯಲ್ಲಿ ಇದಕ್ಕೆ ಉತ್ತರವಿದೆ. ಆ ಚರಿತ್ರೆಯ ಒಂದು ಬೇರು ನಮ್ಮ ಪುತ್ತೂರಿನಲ್ಲೇ ಇದೆ ಎಂಬುದು ಹಲವರಿಗೆ ತಿಳಿದಿರಲಾರದು.

ಬಾಲವನದಿಂದ ಪುಣೆಗೆ

ಡಾ. ಶಿವರಾಮ ಕಾರಂತರು ದಶಕಗಳ ಕಾಲ ನೆಲೆಸಿದ್ದು ಪುತ್ತೂರಿನ ಪರ್ಲಡ್ಕದ ಬಾಲವನದಲ್ಲಿ. ಮೂಕಿ ಚಿತ್ರಗಳ ಕಾಲದಲ್ಲೇ ಅವರು ಸಿನಿಮಾ ಪ್ರಯೋಗಕ್ಕೆ ಕೈಹಾಕಿದ್ದರು. 1933ರಲ್ಲಿ ಬಂದ ಅವರ ‘ಚೋಮನ ದುಡಿ’ ಕಾದಂಬರಿಯನ್ನು 1975ರಲ್ಲಿ ಚಲನಚಿತ್ರ ಮಾಡಿದವರು ಬಂಟ್ವಾಳ ತಾಲೂಕಿನ ಮಂಚಿಯವರಾದ ಬಿ.ವಿ. ಕಾರಂತರು. ಸ್ವಂತ ಬೇಸಾಯಕ್ಕೆ ಒಂದು ತುಂಡು ಭೂಮಿ ಬೇಕೆಂಬ ಆಸೆಯಲ್ಲೇ ಬದುಕು ಸವೆಸಿದ ದಲಿತ ಚೋಮನ ಕಥೆ ಅದು. ಆ ವರ್ಷದ ಅತ್ಯುತ್ತಮ ಚಿತ್ರವೆಂದು ಅದಕ್ಕೆ ರಾಷ್ಟ್ರಪತಿಗಳ ಸ್ವರ್ಣಕಮಲ ಬಂತು. ಚೋಮನಾಗಿ ನಟಿಸಿದ ಎಂ.ವಿ. ವಾಸುದೇವರಾಯರು ಶ್ರೇಷ್ಠ ನಟ ಪ್ರಶಸ್ತಿ ಪಡೆದರು. ಮುಂದೆ 1978ರಲ್ಲಿ ಶಿವರಾಮ ಕಾರಂತರು ಮಲೆಕುಡಿಯರ ಬದುಕಿನ ತಮ್ಮ ‘ಕುಡಿಯರ ಕೂಸು’ ಕಾದಂಬರಿಯನ್ನು ‘ಮಲೆಯ ಮಕ್ಕಳು’ ಎಂಬ ಹೆಸರಿನಲ್ಲಿ ತಾವೇ ನಿರ್ದೇಶಿಸಿದರು.

‘ಚೋಮನ ದುಡಿ’ಯ ಚಿತ್ರೀಕರಣದಲ್ಲಿ ಬಿ.ವಿ. ಕಾರಂತರಿಗೆ ಸಹಾಯಕರಾಗಿ ದುಡಿದವರಲ್ಲಿ ಒಬ್ಬ ವಿದ್ಯಾರ್ಥಿ ಇದ್ದರು. ಅವರೇ ತೀರ್ಥಹಳ್ಳಿ ಕಡೆಯ ಗಿರೀಶ್ ಕಾಸರವಳ್ಳಿ. ಮಣಿಪಾಲದಲ್ಲಿ ಬಿ.ಫಾರ್ಮ ಮುಗಿಸಿ, ಬಳಿಕ ಮನಸ್ಸು ಬದಲಿಸಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದವರು. 1960ರಲ್ಲಿ ಹಳೆಯ ಪ್ರಭಾತ್ ಸ್ಟುಡಿಯೋದ ಜಾಗದಲ್ಲಿ ಆರಂಭವಾದ ಸಂಸ್ಥೆ ಅದು. ಅಲ್ಲಿ ಅವರು ವಿದ್ಯಾರ್ಥಿಯಾಗಿ ಮಾಡಿದ ಕಿರುಚಿತ್ರ ‘ಅವಶೇಷ’. ‘ಚೋಮನ ದುಡಿ’ಗೆ ಸ್ವರ್ಣಕಮಲ ಬಂದ ಅದೇ ವರ್ಷದ ರಾಷ್ಟ್ರಪ್ರಶಸ್ತಿಗಳಲ್ಲಿ ‘ಅವಶೇಷ’ಕ್ಕೂ ರಜತಕಮಲ ಬಂತು. ಗುರುವಿನ ಚಿತ್ರಕ್ಕೂ ಶಿಷ್ಯನ ಕಿರುಚಿತ್ರಕ್ಕೂ ಒಂದೇ ವರ್ಷ ದೇಶದ ಮನ್ನಣೆ!

ಪ್ರಭಾವವೆಂದರೆ ನಕಲಲ್ಲ

ಪುಣೆಯಲ್ಲಿ ಕಾಸರವಳ್ಳಿಯವರು ಜಗತ್ತಿನ ದೊಡ್ಡ ನಿರ್ದೇಶಕರ ಚಿತ್ರಗಳನ್ನು ನೋಡಿದರು. ಜಪಾನಿನ ಓಜು ಮತ್ತು ಕುರೊಸಾವಾ, ಬಂಗಾಳದ ಸತ್ಯಜಿತ್ ರೇ, ಇಟಲಿಯ ಫೆಲಿನಿ, ಆಂಟೋನಿಯೋನಿ ಮೊದಲಾದವರ ಪ್ರಭಾವ ಅವರ ಮೇಲಾಯಿತು. ಅದರಲ್ಲೂ ಓಜು ಅವರಿಗೆ ಬಹಳ ಹತ್ತಿರದವರು.

ಓಜುವಿನ ವಿಶೇಷತೆ ಏನು ಎಂದು ಸ್ವಲ್ಪ ನೋಡೋಣ. 1953ರ ‘ಟೋಕಿಯೊ ಸ್ಟೋರಿ’ ಎಂಬ ಅವರ ಚಿತ್ರದಲ್ಲಿ ಹೊಡೆದಾಟವಿಲ್ಲ, ಅಬ್ಬರವಿಲ್ಲ. ವಯಸ್ಸಾದ ತಂದೆ ತಾಯಿ ಪಟ್ಟಣದಲ್ಲಿರುವ ಮಕ್ಕಳನ್ನು ನೋಡಲು ಬರುತ್ತಾರೆ. ಮಕ್ಕಳಿಗೆ ಪುರುಸೊತ್ತಿಲ್ಲ. ಇಷ್ಟೇ ಕಥೆ. ಆದರೆ ಓಜು ತನ್ನ ಕ್ಯಾಮರಾವನ್ನು ನೆಲದ ಹತ್ತಿರ, ಚಾಪೆಯ ಮೇಲೆ ಕುಳಿತವರ ಎತ್ತರಕ್ಕೆ ಇಡುತ್ತಿದ್ದರು. ಮನೆಯವರು ಮನೆಯವರನ್ನು ನೋಡುವ ಎತ್ತರ ಅದು. ಸೂಪು ಮಡಿಲಲ್ಲಿಟ್ಟು ಬೀಡಿ ಕಟ್ಟುವ ನಮ್ಮ ಉಮ್ಮಂದಿರನ್ನು ಕ್ಯಾಮರಾ ಮೇಲಿನಿಂದ ನೋಡಿದರೆ ಅವರು ಸಣ್ಣವರಾಗಿ ಕಾಣುತ್ತಾರೆ. ಅವರ ಎದುರು ಕುಳಿತು ನೋಡಿದರೆ ಆ ಮುಖದ ದಣಿವೂ ಕಾಣುತ್ತದೆ, ಘನತೆಯೂ ಕಾಣುತ್ತದೆ. ಜಪಾನಿನವನಿಂದ ನಮ್ಮ ಮಕ್ಕಳು ಕಲಿಯಬೇಕಾದುದು ಇದನ್ನು, ಜಪಾನಿನ ಮನೆಯನ್ನಲ್ಲ.

ಸತ್ಯಜಿತ್ ರೇ ಕೂಡ ಹೀಗೆ ಕಲಿತವರೇ. 1950ರಲ್ಲಿ ಲಂಡನ್ನಿನಲ್ಲಿ ಅವರು ಇಟಲಿಯ ‘ಬೈಸಿಕಲ್ ಥೀವ್ಸ್’ ನೋಡಿದರು. ಕಳೆದುಹೋದ ಸೈಕಲಿಗಾಗಿ ಅಲೆಯುವ ಬಡ ತಂದೆ ಮಗನ ಕಥೆಯನ್ನು ಬೀದಿಯಲ್ಲೇ ಚಿತ್ರೀಕರಿಸಿದ ಸಿನಿಮಾ ಅದು. ರೇ ಊರಿಗೆ ಬಂದು ಸೈಕಲಿನ ಕಥೆ ಮಾಡಲಿಲ್ಲ. ಬಂಗಾಳದ ಹಳ್ಳಿಗೆ ಹೋಗಿ 1955ರಲ್ಲಿ ‘ಪಥೇರ್ ಪಾಂಚಾಲಿ’ ಕೊಟ್ಟರು. ಅದರ ಛಾಯಾಗ್ರಾಹಕ ಸುಬ್ರತೊ ಮಿತ್ರ ಅದಕ್ಕೆ ಮೊದಲು ಚಲನಚಿತ್ರದ ಕ್ಯಾಮರಾ ನಡೆಸಿದವರೇ ಅಲ್ಲ. ಸಲಕರಣೆ ಕಡಿಮೆ ಎಂದು ಕೊರಗುವ ವಿದ್ಯಾರ್ಥಿಗಳು ಇದನ್ನು ನೆನಪಿಡಬೇಕು.

ಅಜ್ಜಿ ಕದ್ದ ಹುಂಜ

ಇನ್ನು ಎರಡನೆಯ ಚಿತ್ರಕ್ಕೆ ಬರೋಣ. ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಓದಿ ವೈದ್ಯರಾದ ಚಿದಾನಂದ ಎಸ್. ನಾಯ್ಕ್ ಅದೇ ಪುಣೆಯ ಸಂಸ್ಥೆಯ ದೂರದರ್ಶನ ವಿಭಾಗಕ್ಕೆ ಸೇರಿ, ಒಂದು ವರ್ಷದ ಕೋರ್ಸಿನ ಕೊನೆಯಲ್ಲಿ ಒಂದು ಕನ್ನಡ ಕಿರುಚಿತ್ರ ಮಾಡಿದರು. ಹೆಸರು ‘ಸೂರ್ಯಕಾಂತಿ ಹೂವಿಗೆ ಮೊದಲು ಗೊತ್ತಾಗಿದ್ದು’. ನಿರ್ದೇಶನ, ಛಾಯಾಗ್ರಹಣ, ಸಂಕಲನ, ಧ್ವನಿ ಹೀಗೆ ನಾಲ್ಕು ವಿಭಾಗಗಳ ವಿದ್ಯಾರ್ಥಿಗಳು ಸೇರಿ ನಾಲ್ಕು ದಿನಗಳಲ್ಲಿ ಚಿತ್ರೀಕರಿಸಿದ, ಸುಮಾರು 16 ನಿಮಿಷಗಳ ಚಿತ್ರ. 2024ರ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ಚಿತ್ರಗಳ ‘ಲಾ ಸಿನೆಫ್’ ವಿಭಾಗಕ್ಕೆ ಜಗತ್ತಿನ 555 ಚಲನಚಿತ್ರ ಶಾಲೆಗಳಿಂದ 2,263 ಚಿತ್ರಗಳು ಬಂದಿದ್ದವು. ಆಯ್ಕೆಯಾದುದು 18. ಅದರಲ್ಲಿ ಪ್ರಥಮ ಬಹುಮಾನ ಈ ಕನ್ನಡ ಚಿತ್ರಕ್ಕೆ.

ಕಥೆ ಎಲ್ಲಿಯದು? ನಮ್ಮ ಅಜ್ಜಿಯಂದಿರು ಹೇಳುವಂಥ ಜನಪದ ಕಥೆ. ಒಬ್ಬಳು ಮುದುಕಿ ಊರಿನ ಹುಂಜವನ್ನು ಕದ್ದುಬಿಡುತ್ತಾಳೆ. ಹುಂಜ ಕೂಗದೆ ಬೆಳಗಾಗುವುದಿಲ್ಲ. ಊರೆಲ್ಲ ಕತ್ತಲಲ್ಲಿ ಮುಳುಗುತ್ತದೆ. ಹುಂಜವನ್ನು ಮರಳಿ ತರಿಸಲು ಮುದುಕಿಯ ಮನೆಯವರನ್ನೇ ಊರಿನಿಂದ ಹೊರಗೆ ಹಾಕುತ್ತಾರೆ. ಕೇಳಲು ತಮಾಷೆಯ ಕಥೆ. ಆದರೆ ಕತ್ತಲಿಗೆ ಹೆದರಿದ ಊರು ಒಬ್ಬರನ್ನು ಹೊರಗೆ ಹಾಕಿ ಸಮಾಧಾನಪಡುವ ಸಂಗತಿ ಬರೀ ತಮಾಷೆಯದ್ದಲ್ಲ ಎಂದು ನಿಮಗೂ ಅನಿಸಬಹುದು. ರಾತ್ರಿಯ ಆಳದಿಂದ ಮೂಡುವ ಬೆಳಕನ್ನೂ, ಹಾಸ್ಯವನ್ನೂ ತೀರ್ಪುಗಾರರು ಮೆಚ್ಚಿ ಹೇಳಿದರು. ಬಾಲ್ಯದಿಂದ ಕೇಳಿದ ಕಥೆಯೊಂದು ನಿರ್ದೇಶಕನನ್ನು ಫ್ರಾನ್ಸಿನವರೆಗೆ ಕರೆದೊಯ್ದಿತು.

ನಮ್ಮ ಮನೆಯ ಕಥೆ ಹೇಳಿದವರು ಯಾರು?

ಈಗ ನಮ್ಮ ಸಮುದಾಯದ ಮಾತು. ಆ ಹಳೆಯ ವಿದ್ಯಾರ್ಥಿ ಕಾಸರವಳ್ಳಿಯವರೇ 2004ರಲ್ಲಿ ‘ಹಸೀನಾ’ ಚಿತ್ರ ಮಾಡಿದರು. ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆ ಅದಕ್ಕೆ ಆಧಾರ. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಕೈಬಿಟ್ಟ ಹೆಂಗಸೊಬ್ಬಳು ನ್ಯಾಯ ಕೇಳಿ ಮಸೀದಿಯ ಮುಂದೆ ಬಂದು ಕೂರುತ್ತಾಳೆ. ಆಕೆ ಧರ್ಮದ ವಿರುದ್ಧ ಮಾತನಾಡುವುದಿಲ್ಲ. ಧರ್ಮವೇ ತನಗೆ ಕೊಟ್ಟ ಹಕ್ಕನ್ನು ಜಮಾಅತಿನ ಹಿರಿಯರಲ್ಲಿ ಕೇಳುತ್ತಾಳೆ. ಆ ಪಾತ್ರಕ್ಕಾಗಿ ತಾರಾ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂತು. ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಗೆದ್ದಾಗ ನಾವೆಲ್ಲ ಸಂತೋಷಪಟ್ಟೆವು. ಆದರೆ ಆ ಕಥೆಯ ಪ್ರಶ್ನೆಗೆ ನಮ್ಮ ನಮ್ಮ ಮೊಹಲ್ಲಾಗಳಲ್ಲಿ ಉತ್ತರ ಕೊಟ್ಟಿದ್ದೇವೆಯೇ ಎಂದು ಕೇಳಿಕೊಳ್ಳುವುದು ಪ್ರಶಸ್ತಿಗಿಂತ ದೊಡ್ಡದು.

2011ರಲ್ಲಿ ಬ್ಯಾರಿ ಭಾಷೆಯ ಮೊದಲ ಚಲನಚಿತ್ರ ‘ಬ್ಯಾರಿ’ ಬಂತು. ನಿರ್ದೇಶಕರು ಕೇರಳದ ಕೆ.ಪಿ. ಸುವೀರನ್. ಮರಾಠಿಯ ‘ದೇವೂಳ್’ ಜೊತೆಗೆ ಅದು ಸ್ವರ್ಣಕಮಲ ಹಂಚಿಕೊಂಡಿತು. ನಮ್ಮ ಮನೆಮಾತಿಗೆ ಅಂಥ ಗೌರವ ಬಂದುದು ಹೆಮ್ಮೆಯ ಸಂಗತಿಯೇ. ಆದರೆ ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ನೆಲೆಸಿದ್ದ ಲೇಖಕಿ ಸಾರಾ ಅಬೂಬಕ್ಕರ್ ಅವರು, ಇದು ತಮ್ಮ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ಕಥೆ, ಅನುಮತಿ ಇಲ್ಲದೆ ಬಳಸಲಾಗಿದೆ ಎಂದು ನ್ಯಾಯಾಲಯದ ಮೆಟ್ಟಿಲೇರಿದರು. ನ್ಯಾಯಾಲಯ ಅವರ ವಾದವನ್ನು ಒಪ್ಪಿತು. 2023ರ ಜನವರಿಯಲ್ಲಿ ಸಾರಾ ತೀರಿಕೊಂಡರು. ವಿದ್ಯಾರ್ಥಿಗಳಿಗೆ ಇದರಲ್ಲಿ ಸ್ಪಷ್ಟ ಪಾಠವಿದೆ. ಬೇರೆಯವರ ನೋಟದಿಂದ ಕಲಿಯುವುದು ಪ್ರಭಾವ. ಬೇರೆಯವರ ಕಥೆಯನ್ನು ಕೇಳದೆ ತೆಗೆದುಕೊಳ್ಳುವುದು ಅಮಾನತ್ತಿನಲ್ಲಿ ಖಿಯಾನತ್. ಯಾರಿಂದ ಪಡೆದೆವೋ ಅವರ ಹೆಸರು ಪರದೆಯ ಮೇಲೆ ಬರಲೇಬೇಕು.

ಮೂರು ಪ್ರಶ್ನೆಗಳು

ಆದ್ದರಿಂದ ಓದುಗರೇ, ಇನ್ನು ಮುಂದೆ ನಿಮ್ಮ ಮನೆಯ ಹುಡುಗ ಅಥವಾ ಹುಡುಗಿ ಕಿರುಚಿತ್ರ ತಂದು ತೋರಿಸಿದಾಗ ಮೂರು ಪ್ರಶ್ನೆ ಕೇಳಿರಿ. ಒಂದು: ಈ ಕಥೆ ನೀನು ಕಂಡದ್ದೋ, ಕೇಳಿದ್ದೋ, ಅಥವಾ ಬೇರೆ ಸಿನಿಮಾದಿಂದ ಎತ್ತಿದ್ದೋ? ಎರಡು: ನಿನ್ನ ಕ್ಯಾಮರಾ ಈ ಮನುಷ್ಯರನ್ನು ಯಾವ ಎತ್ತರದಿಂದ ನೋಡುತ್ತಿದೆ, ಅವರ ಮಾನ ಉಳಿದಿದೆಯೇ? ಮೂರು: ಯಾರಿಂದ ಏನು ಪಡೆದೆ, ಅದನ್ನು ಹೇಳಿದ್ದೀಯಾ? ಚಿತ್ರ ಅಲುಗಾಡಲಿ, ಧ್ವನಿ ಸರಿಯಿಲ್ಲದಿರಲಿ, ಅವನ್ನು ಮುಂದೆ ತಿದ್ದಬಹುದು. ಈ ಮೂರರಲ್ಲಿ ತಪ್ಪಿದರೆ ಎಷ್ಟು ಬೆಲೆಯ ಕ್ಯಾಮರಾ ಇದ್ದರೂ ಪ್ರಯೋಜನವಿಲ್ಲ.

ಸಿನಿಮಾ ನಮಗೆ ತಕ್ಕದ್ದಲ್ಲ ಎನ್ನುವ ಹಿರಿಯರು ನಮ್ಮಲ್ಲಿದ್ದಾರೆ. ಪರದೆಯ ಮೇಲಿನ ಅಶ್ಲೀಲ, ಅಬ್ಬರಗಳನ್ನು ಕಂಡ ಅವರ ಆತಂಕ ಸುಳ್ಳಲ್ಲ. ಆದರೆ ನಾವು ಬೇಡವೆಂದರೂ ನಮ್ಮ ಕುರಿತು ಚಿತ್ರಗಳು ಬರುತ್ತಲೇ ಇವೆ. ‘ಹಸೀನಾ’ದ ಕಥೆಗಾರ್ತಿ ನಮ್ಮವರು, ನಿರ್ದೇಶಕರು ಹೊರಗಿನವರು. ಅವರು ಪ್ರಾಮಾಣಿಕರಾಗಿದ್ದುದು ನಮ್ಮ ಭಾಗ್ಯ. ಎಲ್ಲರೂ ಹಾಗಿರುವುದಿಲ್ಲ. ನಮ್ಮ ಉಮ್ಮನ ದಣಿವನ್ನು, ಕೊಲ್ಲಿಗೆ ಹೋದ ಅಣ್ಣನ ಒಂಟಿತನವನ್ನು, ಅಡಿಕೆ ತೋಟದಲ್ಲಿ ನೆರೆಯವರೊಂದಿಗೆ ಹಂಚಿಕೊಂಡ ಬದುಕನ್ನು ಸುಳ್ಳಿಲ್ಲದೆ ಹೇಳಬಲ್ಲವರು ನಮ್ಮ ಮಕ್ಕಳೇ.

ಬಾಲವನ ಈಗಲೂ ಪುತ್ತೂರಿನಲ್ಲಿದೆ. ಒಂದು ರಜಾದಿನ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಹಿಂತಿರುಗಿ ಬಂದು ಅವರ ಕಿರುಚಿತ್ರವನ್ನು ಪೂರ್ತಿಯಾಗಿ ನೋಡಿ, ಆಮೇಲೆ ಮಾತನಾಡಿ.